ನೇರ ವಿಮಾನ

ವಿಮಾನದ ಸೀಟುಗಳಿಗೆ ಕವರ್ ಹೊಲಿಯುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಕ್ಕ ಎಂದೇ ಕರೆಯುತ್ತಿದ್ದರು. ದಪ್ಪ ಬಟ್ಟೆಯ ಮೂಲೆ ಮಡಚಿ ಹೊಲಿಯುವುದರಲ್ಲಿ ಅವಳ ಕೈ ಪಳಗಿತ್ತು. ವಿಮಾನ ಹತ್ತುವ ಯೋಗ ಮಾತ್ರ ಬಂದಿರಲಿಲ್ಲ.

ಗಂಡ ಸಮುದ್ರದಾಚೆಯ ಊರಿನಲ್ಲಿ ಲಿಫ್ಟ್ ರಿಪೇರಿ ಕೆಲಸಕ್ಕಿದ್ದ. ಮೊದಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದವನು ಬರಬರುತ್ತಾ ಬರುವುದನ್ನೇ ಬಿಟ್ಟ. ಕೇಳಿದರೆ ಸಾಕು, ದಾರಿಯ ಗೋಳು ಶುರು.

"ಎರಡು ಕಡೆ ವಿಮಾನ ಬದಲಾಯಿಸ್ಬೇಕು ಕಣೇ. ರಜೆಯೆಲ್ಲ ದಾರೀಲೇ ಕರಗಿಹೋಗುತ್ತೆ. ನೇರ ವಿಮಾನ ಇದ್ದಿದ್ರೆ ಪಕ್ಕದ ಬೀದಿಯಿಂದ ಬಂದ ಹಾಗೆ ಬಂದುಬಿಡ್ತಿದ್ದೆ."

ಅವಳು ನಂಬಿದಳು. ಅತ್ತೆಯ ಮಂಡಿಗೆ ಮುಲಾಮು ತಿಕ್ಕುತ್ತಾ, "ಅಷ್ಟು ದೂರ ಅಲ್ವಾ ಅತ್ತೆ, ಪಾಪ" ಎಂದು ಅವನ ಪರ ತಾನೇ ವಕಾಲತ್ತು ವಹಿಸುತ್ತಿದ್ದಳು. ಅತ್ತೆ ಗೋಡೆ ನೋಡುತ್ತಾ ಹ್ಞೂಂಗುಟ್ಟುತ್ತಿದ್ದರು.

ಕೊನೆಗೊಮ್ಮೆ ನೇರ ವಿಮಾನ ಶುರುವಾಯಿತು. ಒಂದೂವರೆ ದಿನದ ದಾರಿ ಹತ್ತು ಗಂಟೆಗೆ ಇಳಿಯಿತು. ಅದರ ಸೀಟಿನ ಕವರುಗಳ ಕೆಲಸವೂ ಅವಳ ಕಾರ್ಖಾನೆಗೇ ಬಂತು. ಹಿಗ್ಗು ತಡೆಯಲಾರದೆ ಊಟದ ಬಿಡುವಿನಲ್ಲೇ ಫೋನ್ ಮಾಡಿದಳು.

"ರೀ, ಹತ್ತೇ ಗಂಟೆಯಂತೆ! ಬೆಳಿಗ್ಗೆ ಹತ್ತಿದ್ರೆ ಸಂಜೆಗೆ ಮನೇಲಿರ್ತೀರಿ."

ಆ ಕಡೆಯಿಂದ ಅವನೆಂದ, "ಕೆಲಸ ಜಾಸ್ತಿ ಇದೆ. ನೋಡೋಣ."

ಆ 'ನೋಡೋಣ' ಗಂಟಲಿನ ಮುಳ್ಳಾಯಿತು. ಕೆಲವು ತಿಂಗಳು ಕಾದಳು. ಆಮೇಲೆ ಕೊರಳ ಸರ ಮಾರಿ, ಟಿಕೆಟ್ ಕೊಂಡು, ಹೊರಡುವ ಹಿಂದಿನ ದಿನವಷ್ಟೇ ಅವನಿಗೆ ತಿಳಿಸಿದಳು.

ವಿಮಾನ ನಿಲ್ದಾಣದಿಂದ ಅವನು ಅವಳನ್ನು ಸೀದಾ ಒಂದು ಲಾಡ್ಜಿಗೆ ಕರೆದೊಯ್ದ.

"ಮನೆಗೆ ಹೋಗೋದಿಲ್ವಾ?"

"ಮನೆ ಚಿಕ್ಕದು."

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಪಕ್ಕದಲ್ಲಿದ್ದವಳಿಗೂ ಕೇಳುವಂತೆ ಪುಟ್ಟ ಹುಡುಗಿಯೊಬ್ಬಳು ಕೂಗುತ್ತಿದ್ದಳು: "ಅಪ್ಪಾ, ಯಾವಾಗ ಬರ್ತೀಯ?"

ಅವನು ಗಡಿಬಿಡಿಯಲ್ಲಿ ಫೋನ್ ಆರಿಸಿದ. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ. "ಹೋಗಿ, ಮಗು ಕಾಯ್ತಿದೆ" ಎಂದು ಬಾಗಿಲು ಹಾಕಿಕೊಂಡಳು. ಮಾರನೆಯ ದಿನದ ವಿಮಾನಕ್ಕೇ ಹೊರಟುಬಂದಳು.

ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಸೊಸೆಯ ಮುಖ ನೋಡಿದವರೇ ತಲೆ ತಗ್ಗಿಸಿದರು.

"ನಿಮಗೆ ಗೊತ್ತಿತ್ತಾ?"

"ಮಗು ಹುಟ್ಟಿದಾಗಲೇ ಹೇಳಿದ್ದ." ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು. "ನಿನಗೆ ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆ. ಆಮೇಲೆ ನನ್ನ ನೋಡ್ಕೊಳ್ಳೋರು ಯಾರಮ್ಮಾ?"

ಲಾಡ್ಜಿನಲ್ಲಿ ಬರದ ಅಳು ಈಗ ಬಂತು. ಅವನು ಕೈಬಿಟ್ಟಿದ್ದನ್ನು ಹೇಗೋ ನುಂಗಿಕೊಂಡಿದ್ದಳು. ದಿನಾ ಜೊತೆಗೆ ಕೂತು ಉಂಡವರು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು, ಇಷ್ಟು ವರ್ಷ ತನ್ನನ್ನು ಕಾಯಲು ಬಿಟ್ಟು ನೋಡುತ್ತಾ ಕೂತಿದ್ದರಲ್ಲ, ಅದನ್ನು ನುಂಗಲಾಗಲಿಲ್ಲ.

ಮರುವಾರ ಕಾರ್ಖಾನೆಯ ಹತ್ತಿರ ಕೋಣೆ ಹಿಡಿದು ಹೋದಳು. ಮುದುಕಿಯನ್ನು ನಡುನೀರಿನಲ್ಲಿ ಬಿಟ್ಟಳೆಂದು ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು.

ಒಂದು ದಿನ ಗಂಡನ ಫೋನ್ ಬಂತು. ದನಿಯಲ್ಲಿ ಸಿಟ್ಟು. "ವಯಸ್ಸಾದ ಅಮ್ಮನ್ನ ಹೀಗಾ ಬಿಟ್ಟು ಹೋಗೋದು? ನಿನಗೆ ಕರುಳಿಲ್ವಾ?"

ಅವಳು ಫೋನಿಟ್ಟು, ಮಿಷನ್ನಿನ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ಹೊಲಿಗೆ ಮುಂದುವರಿಸಿದಳು.