ಕಣಕ್ಕೊಂದು ಬೋರ್ಡು

ಸೀರೆ ಅಂಗಡಿಯಲ್ಲಿ ಹೆಂಡತಿ ಎರಡನೆಯ ಕಟ್ಟು ಬಿಚ್ಚಿಸುವಷ್ಟರಲ್ಲಿ ನನಗೆ ತಲೆನೋವು ಶುರುವಾಗುತ್ತದೆ. ಅದೇ ನಾನು ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಅಂಗೈಯಗಲದ ಒಂದು ಬೋರ್ಡು ಆರಿಸಲು ಅರ್ಧ ದಿನ ನಿಲ್ಲಬಲ್ಲೆ. ತಿರುಗಿಸಿ ನೋಡುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ, ಉಗುರಿನಿಂದ ತಾಮ್ರ ಕೆರೆಯುತ್ತೇನೆ, ಕೊನೆಗೆ "ನಾಳೆ ಬರ್ತೀನಿ" ಅನ್ನುತ್ತೇನೆ. ಚಿಕ್ಕಮಗಳೂರಿನ ಆ ಅಂಗಡಿಯವರು ಈಗ ನನ್ನನ್ನು ಕಂಡರೆ ಮೊದಲು ಸ್ಟೂಲು ಕೊಡುತ್ತಾರೆ, ಆಮೇಲೆ ಸಾಮಾನು.

ಮೂಡಿಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅದು ಹೊಟ್ಟೆಪಾಡು, ಇದು ಹುಚ್ಚು. ಬಿಡಿ ಬಿಡಿ ಸಾಮಾನು ತಂದು, ಅವನ್ನು ಒಂದಕ್ಕೊಂದು ಸೇರಿಸಿ, ಏನಾದರೂ ಮಿನುಗುವಂತೆಯೋ ಕೂಗುವಂತೆಯೋ ಮಾಡುವ ಹುಚ್ಚು. ಸೇರಿಸಲು ಕೆಳಗೊಂದು ಹಾಸು ಬೇಕಲ್ಲ, ಅದೇ ಬೋರ್ಡು. ಅದರಲ್ಲಿ ಜಾತಿಗಳಿವೆ. ಬ್ರೆಡ್‌ಬೋರ್ಡಿಗೆ ಬೆಸುಗೆಯೇ ಬೇಡ, ತೂತಿಗೆ ವೈರು ಚುಚ್ಚಿದರಾಯಿತು, ಬೇಡವಾದರೆ ಕೀಳಬಹುದು. ಪಟ್ಟಿ ಬೋರ್ಡಿನ ಹಿಂದೆ ತಾಮ್ರದ ಗೆರೆಗಳು ಉದ್ದಕ್ಕೂ ಓಡುತ್ತವೆ. ಡಾಟ್ ಬೋರ್ಡಿನಲ್ಲಿ ಬರೀ ಚುಕ್ಕಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಸಂಬಂಧವನ್ನೆಲ್ಲ ನಾವೇ ಬೆಸೆಯಬೇಕು. ಬ್ರೆಡ್‌ಬೋರ್ಡಿಗೆ ಆ ಹೆಸರು ಬಂದದ್ದು ರೇಡಿಯೋ ಹುಚ್ಚಿನ ಹಳೆಯ ಜನರಿಂದಂತೆ. ಅವರು ಅಡುಗೆಮನೆಯಿಂದ ಬ್ರೆಡ್ಡು ಕೊಯ್ಯುವ ಹಲಗೆ ಕದ್ದು, ಅದಕ್ಕೇ ಮೊಳೆ ಹೊಡೆದು ತಂತಿ ಸುತ್ತುತ್ತಿದ್ದರಂತೆ. ನಮ್ಮ ಮನೆಯಲ್ಲಿ ಚಪಾತಿ ಮಣೆಗೆ ಮೊಳೆ ಹೊಡೆದಿದ್ದರೆ ನಾನು ಈ ಪ್ರಬಂಧ ಬರೆಯಲು ಉಳಿದಿರುತ್ತಿರಲಿಲ್ಲ.

ಇಷ್ಟು ವರ್ಷ ಈ ಹುಚ್ಚಿನಿಂದ ಯಾರಿಗೂ ಉಪಯೋಗವಾಗಿರಲಿಲ್ಲ. ಹಾಗಾಗಿ ಯಾವ ಬೋರ್ಡು ತಂದರೂ ನಡೆಯುತ್ತಿತ್ತು. ಅತ್ತಿಗೆಯ ಕಣದ ವಿಚಾರ ಬಂದಾಗ ಮಾತ್ರ ನಡೆಯದಾಯಿತು.

ಆಲ್ದೂರಿನಿಂದ ಒಳಗೆ ಜೀಪಿನ ದಾರಿಯಲ್ಲಿ ಹೋದರೆ ಅಣ್ಣನ ತೋಟ. ತೋಟ ಅಣ್ಣನದು, ಕಾಫಿ ಒಣಗಿಸುವ ಕಣ ಅತ್ತಿಗೆಯದು. ಹಣ್ಣು ಸಿಪ್ಪೆ ಸುಲಿಯುವ ಪಲ್ಪರಿಗೆ ಹೋಗಿ, ತೊಳೆದು, ಪಾರ್ಚ್‌ಮೆಂಟೆಂಬ ಹೊಟ್ಟಿನ ಬೀಜವಾಗಿ ಕಣಕ್ಕೆ ಬಂದ ಮೇಲೆ ಅಣ್ಣನಿಗೆ ಅಲ್ಲಿ ಬಾಯಿಲ್ಲ. ಹರಡುವುದು, ಕೈಯಾಡಿಸುವುದು, ಹಲ್ಲಲ್ಲಿ ಕಚ್ಚಿ "ಇನ್ನೊಂದು ಬಿಸಿಲು ಬೇಕು" ಅನ್ನುವುದು, ಎಲ್ಲ ಅತ್ತಿಗೆ. ಆದರೆ ಈಚೆಗೆ ಅವರಿಗೆ ಕಿವಿ ಮಂದವಾಗಿದೆ. ಕಿವಿಗೆ ಮಿಷನ್ನು ಮಾಡಿಸಿದ್ದಾರೆ, ಮಿಕ್ಸಿ ಹಾಕಿದರೆ ಅದು ಕಿರುಚುತ್ತದೆಂದು ಬಿಚ್ಚಿ ಸಾಸಿವೆ ಡಬ್ಬದ ಪಕ್ಕ ಇಡುತ್ತಾರೆ. ಹೋದ ಸುಗ್ಗಿಯಲ್ಲಿ ಹಾಗೆ ಬಿಚ್ಚಿಟ್ಟಿದ್ದಾಗಲೇ ಅಕಾಲದ ಮಳೆ ಬಂತು. ನಮ್ಮ ಕಡೆ ಮಳೆ ಬಂದದ್ದು ಗೊತ್ತಾಗುವುದೇ ತಗಡಿನ ಸದ್ದಿನಿಂದ. ಆ ಸದ್ದು ಅತ್ತಿಗೆಗೆ ಕೇಳಲಿಲ್ಲ, ಅಣ್ಣ ತೋಟದಲ್ಲಿದ್ದ. ಅಷ್ಟೂ ಪಾರ್ಚ್‌ಮೆಂಟು ನೆನೆದು ಮುಗ್ಗಲು ಹಿಡಿಯಿತು.

"ಇನ್ನೊಂದ್ಸಲ ನೆನೆದ್ರೆ ಮುಗೀತು, ಮುಂದಿನ ವರ್ಷದಿಂದ ಹಣ್ಣೇ ಕೊಟ್ಬಿಡೋದು, ಕಣದ ರಗಳೆಯೇ ಬೇಡ," ಎಂದ ಅಣ್ಣ. ಆಲ್ದೂರಿನ ವ್ಯಾಪಾರಿಗೂ ಹಾಗೇ ಹೇಳಿಟ್ಟಿದ್ದ. ಆಮೇಲೆ ನನಗೆ ಕಾಫಿ ಕೊಡುವಾಗ ಅತ್ತಿಗೆ, "ಕಣನೂ ಹೋದ್ರೆ ನಾನಿಲ್ಲಿ ಊಟ ಮಾಡ್ಕೊಂಡು ಕೂರೋಳು, ಅಷ್ಟೇ ಅಲ್ವಾ ರಘು?" ಎಂದರು. ನನಗೆ ಎಲ್ಲಿತ್ತೋ ಹಠ. ಮಳೆಯ ಮೊದಲ ಹನಿ ಬಿದ್ದರೆ ಅಡುಗೆಮನೆಯಲ್ಲಿ ಕೆಂಪು ಬಲ್ಬು ಹತ್ತಿ ಆರಿ ಹತ್ತಿ ಆರಬೇಕು, ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಮೊದಲು ಬ್ರೆಡ್‌ಬೋರ್ಡಿನಲ್ಲಿ ಮಾಡಿದೆ. ನಮ್ಮನೆಯ ಊಟದ ಮೇಜಿನ ಮೇಲೆ ಚಮಚದಲ್ಲಿ ನೀರು ಹನಿಸಿದರೆ ಬಲ್ಬು ಕುಣಿಯಿತು. ಹೆಂಡತಿಯೂ ಒಂದು ಚಮಚ ಹಾಕಿ ನೋಡಿ, "ಪರವಾಗಿಲ್ವೇ!" ಅಂದಳು. ಬೀಗುತ್ತಾ ತೋಟಕ್ಕೆ ಹೊರಟೆ. ನಮ್ಮ ಜೀಪಿನ ದಾರಿ ನಿಮಗೆ ಗೊತ್ತಲ್ಲ. ಅದು ಹೊಟ್ಟೆಯೊಳಗಿನ ಇಡ್ಲಿಯ ಜಾಗವನ್ನೇ ಬದಲಿಸುತ್ತದೆ, ಚುಚ್ಚಿಟ್ಟ ವೈರನ್ನು ಬಿಡುತ್ತದೆಯೇ? ಚೀಲ ತೆರೆದರೆ ಅರ್ಧ ವೈರು ಬೋರ್ಡಿನಲ್ಲಿ, ಅರ್ಧ ಚೀಲದ ತಳದಲ್ಲಿ. ಅಣ್ಣ ಇಣುಕಿ ನೋಡಿ, "ಇದೇನೋ ಮಾರಾಯ, ಶ್ಯಾವಿಗೆ ತಂದಿದೀಯ?" ಎಂದ.

ಸರಿ, ಬೆಸುಗೆ ಹಾಕಬೇಕು ಎಂದು ಪಟ್ಟಿ ಬೋರ್ಡು ತಂದೆ. ಅದರಲ್ಲಿ ತಾಮ್ರದ ಗೆರೆ ಬೇಡದ ಕಡೆ ಕತ್ತರಿಸಿಕೊಳ್ಳಬೇಕು. ಆತುರಗಾರನಿಗೆ ಬುದ್ಧಿ ಮಟ್ಟ, ನಾನು ಕತ್ತರಿಸಲೇ ಇಲ್ಲ. ಕರೆಂಟು ಕೊಟ್ಟೊಡನೆ ಸಣ್ಣಗೆ ಹೊಗೆ ಎದ್ದಿತು. ಹೆಂಡತಿ ಕಿಟಕಿ ತೆಗೆದಳು. ಬೈದಿದ್ದರೇ ವಾಸಿಯಿತ್ತು.

ಮೂರನೆಯದು ಡಾಟ್ ಬೋರ್ಡು. ಒಂದೊಂದೇ ಚುಕ್ಕಿ ಬೆಸೆದೆ, ಒಂದೊಂದನ್ನೂ ಎಳೆದು ನೋಡಿದೆ. ಸುಟ್ಟುಹೋದ ಆ ಪಟ್ಟಿ ಬೋರ್ಡನ್ನು ಎಸೆಯಲು ಮನಸ್ಸು ಬರದೆ ಕೈಯಲ್ಲಿ ಹಿಡಿದು ಕೂತಿದ್ದಾಗ ಹೊಳೆಯಿತು. ಒತ್ತೊತ್ತಾಗಿ ಓಡುವ ಗೆರೆಗಳ ನಡುವೆ ಒಂದು ಹನಿ ಬಿದ್ದರೆ ಎರಡೂ ಕೂಡಿಕೊಳ್ಳುತ್ತವಲ್ಲ! ನನಗೆ ಬೇಕಾದದ್ದೇ ಅದು. ಅಂಥದೇ ಹೊಸ ತುಂಡೊಂದನ್ನು ಕತ್ತರಿಸಿ, ತಾಮ್ರ ಹಸಿರುಗಟ್ಟದ ಹಾಗೆ ಗೆರೆಗಳ ಮೇಲಷ್ಟೇ ತೆಳ್ಳಗೆ ಬೆಸುಗೆ ಬಳಿದು, ಮಳೆ ಹಿಡಿಯುವ ಕೆಲಸಕ್ಕೆ ಹಚ್ಚಿದೆ. ಡಾಟ್ ಬೋರ್ಡೆಂಬ ತಲೆ ಅಡುಗೆಮನೆಯ ಒಳಗೆ, ಈ ತುಂಡೆಂಬ ಅಂಗೈ ಹೊರಗೆ, ನಡುವೆ ಉದ್ದದ ವೈರು.

ಇಷ್ಟಾದರೂ ಮುಗಿಯಲಿಲ್ಲ. ಆ ಅಂಗೈಯನ್ನು ಕಣದ ಅಂಚಿನಲ್ಲೇ ಇಟ್ಟು ಬಂದಿದ್ದೆ. ಮರುದಿನ ಆಳುಗಳು ತೊಳೆದ ಹಸಿ ಪಾರ್ಚ್‌ಮೆಂಟನ್ನು ಬುಟ್ಟಿ ಬುಟ್ಟಿ ತಂದು ಸುರಿದರು, ನೀರು ಹರಿದು ಬೋರ್ಡು ನೆನೆಯಿತು, ಒಳಗೆ ಬಲ್ಬು ಕುಣಿಯಿತು. ಅತ್ತಿಗೆ ಓಡಿ ಬಂದು, ರಣ ಬಿಸಿಲಿನಲ್ಲಿ, ನೀರು ಸೋರುವ ಕಾಫಿಗೆ ಟಾರ್ಪಾಲು ಹೊದಿಸಿಬಿಟ್ಟರು. ತಲೆಯೆತ್ತಿ ಆಕಾಶ ನೋಡಲೂ ಇಲ್ಲ, ನನ್ನ ಬಲ್ಬನ್ನು ಅಷ್ಟು ನಂಬಿದ್ದರು. ಅಣ್ಣ ಫೋನು ಮಾಡಿ ನಕ್ಕ ನಗೆ ಜೆರಾಕ್ಸಿಗೆ ನಿಂತವರಿಗೂ ಕೇಳಿಸಿತು. ಕಾಫಿ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಕಣಕ್ಕೆ ಮೊದಲು ಬೀಳುವ ನೀರು ಮೇಲಿನದಲ್ಲ ಎಂದು ಹೊಳೆಯಬೇಡವೇ! ನಾಚಿಕೆಯಾಯಿತು, ಹಠ ಇನ್ನೂ ಏರಿತು. ಭಾನುವಾರ ಹೋಗಿ ಒಂದು ಗಳ ನೆಟ್ಟು, ಅದರ ತುದಿಗೆ, ಹನಿ ನಿಲ್ಲದ ಹಾಗೆ ಓರೆಯಾಗಿ ಬೋರ್ಡು ಕಟ್ಟಿದೆ. ಬೆಳಗಿನ ಮಂಜಿಗೆ ಸುಮ್ಮನೆ ಹತ್ತಬಾರದೆಂದು, ರಾತ್ರಿ ಹೊದಿಸಿದ ಟಾರ್ಪಾಲು ತೆಗೆದ ಮೇಲೆಯೇ ಸ್ವಿಚ್ಚು ಹಾಕಿ ಎಂದು ಅತ್ತಿಗೆಗೆ ಹೇಳಿದೆ.

ಸುಗ್ಗಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅಣ್ಣನೂ ನಾನೂ ಜಗಲಿಯಲ್ಲಿ ಕೂತು ಮೆಣಸಿನ ರೇಟಿನ ಮೇಲೆ ಜಗಳವಾಡುತ್ತಿದ್ದೆವು. ಒಳಗೆ ಮಿಕ್ಸಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಅತ್ತಿಗೆ ಸೌಟು ಹಿಡಿದೇ ಹೊರಗೆ ನುಗ್ಗಿದರು.

"ಮಳೆ! ಏಳಿ ಇಬ್ರೂ, ಕೂತ್ಕೊಂಡು ಏನ್ ನೋಡ್ತೀರಿ!"

ಕಿವಿ ನೆಟ್ಟಗಿದ್ದ ನಮ್ಮಿಬ್ಬರಿಗೂ ಏನೂ ಕೇಳಿಸಿರಲಿಲ್ಲ. ತಗಡಿನ ಮೇಲೆ ಆಗಷ್ಟೇ ಒಂದೆರಡು ಹನಿ. ಮೂವರೂ ಓಡಿ ಟಾರ್ಪಾಲು ಎಳೆದು ಅಂಚಿಗೆ ಕಲ್ಲು ಹೇರುವುದಕ್ಕೂ ಮಳೆ ಧೋ ಎನ್ನುವುದಕ್ಕೂ ಸರಿಹೋಯಿತು. ನಾವು ಮೂವರೂ ತೊಯ್ದು ತೊಪ್ಪೆ, ಪಾರ್ಚ್‌ಮೆಂಟು ಮಾತ್ರ ಗರಿಗರಿ. ಅತ್ತಿಗೆ ಸೆರಗು ಹಿಂಡುತ್ತಾ ಜೋರಾಗಿ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣು ತುಂಬಿತು.

ಹುಚ್ಚಿನ ಬುದ್ಧಿ ಎಲ್ಲಿಗೆ ಹೋಗಬೇಕು? ಸ್ಕ್ರೂಡ್ರೈವರ್ ತೆಗೆದು, "ಅತ್ತಿಗೆ, ಇದು ಬರೀ ಟ್ರಯಲ್ಲು. ನೋಡೋಕೂ ಚೆಂದ ಇಲ್ಲ. ಬಿಚ್ಕೊಂಡು ಹೋಗಿ, ಪ್ರಿಂಟ್ ಮಾಡ್ಸಿದ ಒಳ್ಳೇ ಬೋರ್ಡಿಗೆ ಹಾಕಿ ತರ್ತೀನಿ," ಎಂದೆ.

"ಮುಟ್ಟು ನೋಡಾಣ," ಎಂದರು ಅತ್ತಿಗೆ. ಸೌಟು ಇನ್ನೂ ಕೈಯಲ್ಲಿತ್ತು. "ಟ್ರಯಲ್ಲು ನಿಂಗೆ. ನಂಗೆ ಮಳೆ ಬಂತು, ಅದು ಹೇಳ್ತು. ಇನ್ನೇನ್ ಬೇಕು?"

ಬೋರ್ಡು ಆರಿಸುತ್ತಾ ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮಾಡುವವನಿಗೆ ಯಾವುದೂ ಮುಗಿಯುವುದಿಲ್ಲ, ಬೇಕಾದವರ ಕೈ ಸೇರಿದ ದಿನ ಅದು ತಾನಾಗಿ ಮುಗಿದಿರುತ್ತದೆ.

ಅಷ್ಟರಲ್ಲಿ ಅಣ್ಣ ಜಗಲಿಯ ಆಚೆ ತುದಿಗೆ ಹೋಗಿ, ನಮಗೆ ಬೆನ್ನು ಮಾಡಿ, ಮಳೆಗಿಂತ ಜೋರಾಗಿ ಫೋನಿನಲ್ಲಿ ಆ ವ್ಯಾಪಾರಿಗೆ ಕೂಗಿ ಹೇಳುತ್ತಿದ್ದ. "ಇಲ್ಲ ಸಾರ್, ಮುಂದಿನ ವರ್ಷನೂ ಹಣ್ಣು ಕೊಡಲ್ಲ. ನಮ್ಮನೆಯವ್ರು ಕಣ ಬಿಡಲ್ಲ."

ಅತ್ತಿಗೆಗೆ ಕೇಳಿರಲಾರದೆಂದು ನಾನು ಅವರ ಕಿವಿಯ ಹತ್ತಿರ ಬಗ್ಗಿ ಹೇಳಹೊರಟೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿದರು.

"ಗೊತ್ತು ಬಿಡು. ಅವ್ರು ಸೋತಾಗ ಹಂಗೇ ಬೆನ್ನು ತಿರುಗ್ಸೋದು. ನೀನು ಗುದ್ದಲಿ ತಗೋ, ಕಣದ ನೀರು ಹೋಗೋಕೆ ದಾರಿ ಮಾಡು."