ದೇವಿಂದ್ರಮ್ಮನ ಹೇಳಿಕೆ

ದೇವಿಂದ್ರಮ್ಮಾ, ಅಂದು ನಾನು ನಿನಗೆ ಓದಿ ಹೇಳಿದ್ದು ಆ ಕಾಗದದಲ್ಲಿ ಇರಲಿಲ್ಲ. ನೀನು ಹೆಬ್ಬೆಟ್ಟು ಒತ್ತಿದ್ದು ನಿನ್ನ ಮಾತಿಗಲ್ಲ, ನಾನು ಬರೆದ ಸುಳ್ಳಿಗೆ. ಐದು ವರ್ಷದಿಂದ ಇದನ್ನು ನುಂಗಿಕೊಂಡು ಕೂತಿದ್ದೇನೆ.

ಕಡೇಚೂರಿನ ಹತ್ತಿರದ ಆ ಕಾರ್ಖಾನೆಗೆ ನೀನು ಪ್ಯಾಕಿಂಗ್ ಕೆಲಸಕ್ಕೆ ಬರುತ್ತಿದ್ದೆ, ನಾನು ಆಫೀಸಿನಲ್ಲಿ ಗುಮಾಸ್ತೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ದೂರು ಕೇಳಲು ಒಂದು ಸಮಿತಿ ಇರಬೇಕೆಂದು ಕಾನೂನಿದೆ. ನಮ್ಮಲ್ಲೂ ಇತ್ತು. ಗೇಟಿನ ಬಳಿಯ ಬೋರ್ಡಿನ ಮೇಲೆ ಅದರ ಸದಸ್ಯರ ಸಾಲಿನಲ್ಲಿ ನನ್ನ ಹೆಸರೂ ಇತ್ತು. ಅದನ್ನು ತೋರಿಸಿ ನಿನಗೆ ಧೈರ್ಯ ತುಂಬಿದವಳೇ ನಾನು — "ಹೆದರಬ್ಯಾಡ, ಇದಕ್ಕಂತನ ಕಾನೂನು ಅದ."

ನೀನು ಬಂದೆ. ಸೂಪರ್‌ವೈಸರ್ ಗೋದಾಮಿನ ಬಾಗಿಲು ಹಾಕಿ ನಿನ್ನ ಸೆರಗಿಗೆ ಕೈಹಾಕಿದ್ದನ್ನು ತಲೆ ತಗ್ಗಿಸದೆ ಹೇಳಿದೆ. ಅದನ್ನು ನೀಟಾಗಿ ಬರೆದು ತರಲು ನಾನು ಒಳಗೆ ಹೋದಾಗ ಮ್ಯಾನೇಜರರು ಕರೆದರು.

"ಕೆಲಸದ ಮ್ಯಾಲ ಮಾತಿಗಿ ಮಾತು ಬೆಳೀತು, ಈಗ ಸರಿ ಆಗ್ಯಾದ ಅಂತ ಬರೀರಿ ಮೇಡಂ. ಅಕಿ ಏನ್ ಓದ್ತಾಳ?"

ಹಾಗೇ ಬರೆದೆ. ಆಮೇಲೆ ಆ ಸುಳ್ಳು ಹಾಳೆಯನ್ನು ಮುಖದ ಮುಂದೆ ಹಿಡಿದು, ನೀನು ಹೇಳಿದ್ದನ್ನೇ ನೆನಪಿನಿಂದ ಒಂದು ಮಾತೂ ಬಿಡದೆ ಓದುವವಳಂತೆ ಒಪ್ಪಿಸಿದೆ. "ಹೌದ್ರಿ ಅಕ್ಕಾ, ಹಿಂಗ ಆಗ್ಯಾದ" ಎಂದೆ ನೀನು. ನಿನ್ನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದ್ದೂ ನಾನೇ. ಉಳಿದ ಸದಸ್ಯರು ಚಹಾ ಕುಡಿದು ಸಹಿ ಹಾಕಿ ಹೋದರು.

ನೌಕರಿ ಹೋಗುವ ಭಯವಿತ್ತು ಎಂದು ಬರೆದು ಈಗಷ್ಟೇ ಹೊಡೆದು ಹಾಕಿದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ದೊಡ್ಡವರ ಮುಂದೆ ತಿಳಿವಳಿಕೆಯುಳ್ಳ ಹೆಣ್ಣು ಅನ್ನಿಸಿಕೊಳ್ಳುವ ಆಸೆ, ಅಷ್ಟೇ. ಥೂ, ಎಷ್ಟು ಅಗ್ಗಕ್ಕೆ...

ಸೂಪರ್‌ವೈಸರ್ ಅಲ್ಲೇ ಉಳಿದ. ನೀನು ವಾರದೊಳಗೆ ಕೆಲಸ ಬಿಟ್ಟು ಬೋನಾಳದ ತವರಿಗೆ ಹೋದೆ.

ಮೊನ್ನೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಬಂದು ನನ್ನ ಕೈ ಹಿಡಿದುಕೊಂಡೆ. "ನೀವಾರ ನಾ ಹೇಳ್ದಂಗ ಬರದಿದ್ರಿ ಅಕ್ಕಾ. ಬರದ್ರೂ ಏನೂ ಆಗ್ಲಿಲ್ಲ. ಕಾನೂನಿನಾಗ ನಮ್ಮಂಥೋರಿಗಿ ಏನೂ ಇಲ್ರಿ. ಈಗ ನನ್ನ ತಂಗೀಗೂ ಕೆಲಸದಾಗ ಅದೇ ತ್ರಾಸ. ಬಾಯಿ ಮುಚ್ಚಿಕೊಂಡು ಬಿಟ್ಟು ಬಾ ಅಂತ ಹೇಳೀನಿ."

ನಾನು ಹೌದೆನ್ನುವಂತೆ ತಲೆಯಾಡಿಸಿದೆ. ಕಾನೂನು ನಿನ್ನ ಮಾತು ಕೇಳಿ ಕೈಬಿಟ್ಟಿದ್ದಲ್ಲ, ತಾಯಿ — ಅದರ ತನಕ ನಿನ್ನ ಮಾತು ಹೋಗಲೇ ಇಲ್ಲ. ನಡುವೆ ನಾನಿದ್ದೆ.

ಇದನ್ನು ನೀನು ಓದಲಾರೆ. ಅದಕ್ಕೇ ಬರೆಯುವುದು ಇಷ್ಟು ಸುಲಭವಾಯಿತು. ಇದೂ ಹೇಡಿತನವೇ. ನಡೆದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ, ಸೋಮವಾರ ಇಂಥದೇ ದೂರು ಕೇಳುವ ಯಾದಗಿರಿಯ ಜಿಲ್ಲಾ ಸಮಿತಿಗೆ ಕೊಡುತ್ತೇನೆ. ಇಷ್ಟು ವರ್ಷದ ಮೇಲೆ ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಅದಕ್ಕೂ ಮೊದಲು, ನಿನ್ನ ತಂಗಿ ಕೆಲಸ ಬಿಡುವ ಮೊದಲು, ನಾಳೆ ಬೋನಾಳಕ್ಕೆ ಬರುತ್ತೇನೆ. ನೀನು ಚಾಪೆ ಹಾಸಿ ಕೂಡ್ರಿಸುತ್ತೀ. ನಾನು ನಿಂತುಕೊಂಡೇ ಹೇಳಬೇಕು. ಹೇಳಿದ ಮೇಲೆ ನೀನು ನನ್ನನ್ನು ಅಕ್ಕಾ ಎನ್ನುವುದಿಲ್ಲ. ಅನ್ನಬಾರದು.