ಅದು ಗಂಡನಿಗೆ ಹೇಳಿದ್ದಲ್ಲ

ಅತ್ತೆಯೊಬ್ಬರು ತಮ್ಮ ಸೊಸೆಯ ಮದುವೆಯ ಕಾರ್ಡು ಮಾಡಿಸಲು ಹೊರಟಿದ್ದನ್ನು ನೀವು ನೋಡಿದ್ದೀರಾ?

ನಾನು ಕಳೆದ ಮಂಗಳವಾರ ನೋಡಿದೆ. ನೋಡಿದ್ದಷ್ಟೇ ಅಲ್ಲ, ಜೊತೆಗೆ ಹೋದೆ. ಕಡಲ ಬದಿಯ ಕೆಮ್ಮಣ್ಣಿನ ಜೂಲಿಯಾನಾ ಬಾಯಿ ನನ್ನ ಹಳೆಯ ಪರಿಚಯ. ಅವರ ಒಬ್ಬನೇ ಮಗ ರೋಶನ್ ಕುವೈತಿನಲ್ಲಿ ಕೆಲಸದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಹೋದ. ಮಕ್ಕಳಿರಲಿಲ್ಲ. ಸೊಸೆ ಪ್ರೆಸಿಲ್ಲಾ ತವರಿಗೆ ಹೋಗಲಿಲ್ಲ, ಅತ್ತೆಯ ಜೊತೆಯಲ್ಲೇ ಉಳಿದಳು. ಇಷ್ಟು ಚಿಕ್ಕ ಪ್ರಾಯದವಳು ಹೀಗೆಯೇ ಇರುವುದು ಬೇಡ ಎಂದು ಹಟ ಹಿಡಿದು ಅವಳಿಗೆ ಗಂಡು ಹುಡುಕಿದವರು ಇದೇ ಜೂಲಿಯಾನಾ ಬಾಯಿ. ಹುಡುಗ ಒಳನಾಡಿನ ಕಾರ್ಕಳದ ರಿಚರ್ಡ್. ಟಯರ್ ಅಂಗಡಿ ಇಟ್ಟಿದ್ದಾನೆ, ಒಳ್ಳೆಯವನು.

ಎಲ್ಲ ಸರಿ. ಆದರೆ ಪ್ರೆಸಿಲ್ಲಾಳದ್ದು ಒಂದು ಷರತ್ತು. ಮಾಂಯ್ (ಕೊಂಕಣಿಯಲ್ಲಿ ಅತ್ತೆಯನ್ನು ಕರೆಯುವುದು ಹೀಗೆ) ಕೂಡ ಕಾರ್ಕಳಕ್ಕೆ ಬರಬೇಕು. ಇಲ್ಲವಾದರೆ ಮದುವೆಯೇ ಬೇಡ.

ಜೂಲಿಯಾನಾ ಬಾಯಿ ಸುತರಾಂ ಒಪ್ಪಲಿಲ್ಲ. "ಸೊಸೆಯ ಎರಡನೇ ಗಂಡನಿಗೆ ನಾನು ಎಂತ ಆಗ್ಬೇಕು ಟೀಚರ್? ಹೊಸ ಮನೆಗೆ ಹಳೆ ಅತ್ತೆಯನ್ನು ಗಂಟು ಕಟ್ಟಿಕೊಂಡು ಬಂದಳು ಅಂತ ಜನ ಹೇಳುದಿಲ್ವಾ?" ಎಂದು ಬಸ್ಸಿನಲ್ಲಿ ಕೇಳಿದರು. ನಿಜವಾಗಿ ಯೋಚಿಸಿ, ಆ ಸಂಬಂಧಕ್ಕೆ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಒಂದು ಹೆಸರಾದರೂ ಇದೆಯೇ?

ಆದ್ದರಿಂದ ಅವರು ಒಂದು ಉಪಾಯ ಮಾಡಿದ್ದರು. ಬೇಗ ಬೇಗ ಕಾರ್ಡು ಪ್ರಿಂಟ್ ಮಾಡಿಸಿ ಊರಿಡೀ ಹಂಚಿಬಿಡುವುದು. ಕಾರ್ಡು ಹಂಚಿದ ಮೇಲೆ ಪ್ರೆಸಿಲ್ಲಾ ಹಿಂದೆ ಸರಿಯುವ ಹಾಗಿಲ್ಲ, ತಾನು ಕೆಮ್ಮಣ್ಣಿನಲ್ಲೇ ಉಳಿಯಬಹುದು. ನೆರೆಕರೆಯ ತುಳುವರಿಗೆ ಕನ್ನಡದ ಕಾರ್ಡು ಬೇಕು, ಅದನ್ನು ತಿದ್ದಲು ನಾನು. (ಪೇಪರಿನಲ್ಲಿ ಬರೆಯುವವರಿಗೆ ಊರಿನಲ್ಲಿ ಸಿಗುವ ಉದ್ಯೋಗ ಇದೇ.)

ಹಾಗೆ ಕಾಪುವಿನ ಪ್ರೆಸ್ಸಿಗೆ ಬಂದು ಕುಳಿತೆವು. ರೋಶನನ ಮದುವೆಯ ಕಾರ್ಡೂ ಅಲ್ಲೇ ಆಗಿತ್ತಂತೆ.

ಕಂಪ್ಯೂಟರಿನಲ್ಲಿ ಕಾರ್ಡು ತಯಾರಿತ್ತು. ಮೇಲ್ಗಡೆ ಬೈಬಲಿನ ಒಂದು ಸಾಲು. ನೀನು ಹೋದಲ್ಲಿಗೆ ನಾನೂ ಬರುತ್ತೇನೆ, ನೀನು ಇದ್ದಲ್ಲಿ ನಾನೂ ಇರುತ್ತೇನೆ ಎಂಬ ಅರ್ಥದ್ದು. ನೀವೂ ನೋಡಿರುತ್ತೀರಿ. ನಮ್ಮ ಮದುವೆಗಳ ಕಾರ್ಡು, ಸ್ಟೇಜು, ವಿಡಿಯೋ, ಎಲ್ಲಿ ನೋಡಿದರೂ ಅದು ಇದ್ದೇ ಇರುತ್ತದೆ.

ನನಗೆ ನಗು ಬಂತು.

"ಎಂತ ಟೀಚರ್, ಸ್ಪೆಲ್ಲಿಂಗ್ ತಪ್ಪುಂಟಾ?" ಪ್ರೆಸ್ಸಿನ ವಿಶ್ವನಾಥಣ್ಣ ಕೇಳಿದರು.

"ಸ್ಪೆಲ್ಲಿಂಗ್ ಸರಿ ಉಂಟು. ಆದರೆ ಇದು ಹೆಂಡತಿ ಗಂಡನಿಗೆ ಹೇಳಿದ್ದಲ್ಲ ವಿಶ್ವನಾಥಣ್ಣ. ಸೊಸೆ ಅತ್ತೆಗೆ ಹೇಳಿದ್ದು."

"ಅತ್ತೆಗಾ?" ಅವರ ಕೈ ಮೌಸಿನ ಮೇಲೆಯೇ ನಿಂತಿತು. "ಎಷ್ಟು ಜನರ ಕಾರ್ಡಿಗೆ ಹಾಕಿ ಕೊಟ್ಟಿದ್ದೇನೆ ಮಾರಾಯ್ರೆ. ಒಬ್ಬರೂ ಹೇಳ್ಲಿಲ್ಲ."

ಯಾರು ಹೇಳಬೇಕು? ನಾವು ಬೈಬಲ್ ಓದುವುದೆಂದರೆ ಉಪ್ಪಿನಕಾಯಿ ಭರಣಿಗೆ ಚಮಚ ಹಾಕಿದ ಹಾಗೆ. ಬೇಕಾದ ಹೋಳನ್ನು ಎತ್ತಿಕೊಂಡು ಮುಚ್ಚಳ ಹಾಕುತ್ತೇವೆ. ಯಾರು ಹೇಳಿದ್ದು, ಯಾರಿಗೆ, ಯಾವ ಕಾಲದಲ್ಲಿ, ಎಂತಹ ಗತಿಯಲ್ಲಿ ಎಂದು ಕೇಳುವ ಪುರುಸೊತ್ತು ಯಾರಿಗಿದೆ?

ಜಾಣತನ ತೋರಿಸುವ ಅವಕಾಶ ಸಿಕ್ಕಿದರೆ ನಾನು ಬಿಡುವವಳಲ್ಲ. ಕಥೆ ಶುರು ಮಾಡಿದೆ. ಊರಿಗೆ ಬರ ಬಂದು ನೊವೊಮಿ ಎಂಬವಳ ಸಂಸಾರ ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋಗುತ್ತದೆ. (ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೇ?) ಅಲ್ಲಿ ಗಂಡ ಸಾಯುತ್ತಾನೆ. ಇಬ್ಬರು ಗಂಡುಮಕ್ಕಳು ಅಲ್ಲಿನ ಹುಡುಗಿಯರನ್ನೇ ಮದುವೆಯಾಗುತ್ತಾರೆ, ಆಮೇಲೆ ಆ ಮಕ್ಕಳೂ ಸಾಯುತ್ತಾರೆ. ನೊವೊಮಿ ಊರಿಗೆ ಮರಳುವಾಗ ಸೊಸೆಯರಿಗೆ, ನೀವು ತಾಯಿ ಮನೆಗೆ ಹೋಗಿ, ಬೇರೆ ಮದುವೆಯಾಗಿ ಎನ್ನುತ್ತಾಳೆ. ಒಬ್ಬಳು ಅಳುತ್ತಾ ಹೋಗುತ್ತಾಳೆ. ಇನ್ನೊಬ್ಬಳು, ರೂತ್, ಹೋಗುವುದಿಲ್ಲ. ಆಗ ಹೇಳಿದ್ದು ಈ ಮಾತು.

ಅದು ಸಿಹಿ ಮಾತಲ್ಲ. ಆ ಕಾಲದಲ್ಲಿ ಗಂಡನೂ ಗಂಡುಮಕ್ಕಳೂ ಇಲ್ಲದ ಹೆಂಗಸಿಗೆ ನಾಳೆಯ ಊಟದ ಭರವಸೆ ಇರಲಿಲ್ಲ. ರೂತ್ ಬೇಕೆಂದೇ ಹಸಿವಿಗೆ ಪಾಲುದಾರಳಾದಳು. ಕಂಡವರ ಹೊಲದಲ್ಲಿ ಉಳಿದ ತೆನೆ ಆಯ್ದು ತಂದು ಅತ್ತೆಗೆ ಉಣಿಸಿದಳು. ಕೊನೆಗೆ ಅತ್ತೆಯೇ ಮುಂದೆ ನಿಂತು ತನ್ನ ಗಂಡನ ಕಡೆಯ ಬೋವಜ ಎಂಬ ಸಂಬಂಧಿಕನೊಂದಿಗೆ ಅವಳ ಮದುವೆ ಮಾಡಿಸಿದಳು. ಅವನಿಗಿಂತ ಹತ್ತಿರದ ಸಂಬಂಧಿಕ ಇನ್ನೊಬ್ಬನಿದ್ದ. ಆ ಕುಟುಂಬದ ವಿಧವೆಯನ್ನು ಮದುವೆಯಾಗುವ ಮೊದಲ ಹಕ್ಕು ಅವನದು. ಅದನ್ನು ಬಿಟ್ಟುಕೊಟ್ಟೆ ಎನ್ನಲು ಅವನು ಚಪ್ಪಲಿ ಬಿಚ್ಚಿ ಬೋವಜನಿಗೆ ಕೊಟ್ಟ.

"ನಮ್ಮಲ್ಲಿ ಮದುವೆ ಮಾತುಕತೆಗೆ ಚಪ್ಪಲಿ ತೆಗೆದರೆ ಪೊಲೀಸರು ಬರ್ಬೇಕಾದೀತು," ಎಂದರು ವಿಶ್ವನಾಥಣ್ಣ.

ನೋಡಿ, ವಿಷಯ ಇರುವುದು ಇಲ್ಲೇ. ಹಿನ್ನೆಲೆ ತಿಳಿದು ಓದಿ ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಭಕ್ತಿ ಇದ್ದರೆ ಸಾಲದೇ, ಇತಿಹಾಸ ಯಾಕೆ ಎನ್ನುತ್ತಾರೆ. ಆದರೆ ಆ ಚಪ್ಪಲಿಯ ಪ್ರಸಂಗ ಬರೆದವನೇ ಅಲ್ಲಿ ಒಂದು ಕ್ಷಣ ನಿಂತು, ಹಿಂದಿನ ಕಾಲದಲ್ಲಿ ಹೀಗೊಂದು ಪದ್ಧತಿಯಿತ್ತು ಎಂದು ವಿವರಿಸುತ್ತಾನೆ. ಅವನ ಕಾಲದ ಓದುಗರಿಗೇ ವಿವರಣೆ ಬೇಕಿತ್ತು. ನಮಗೆ ಬೇಡವೇ?

ಇಷ್ಟೆಲ್ಲ ಹೇಳುವಾಗಲೂ ಪಕ್ಕದಲ್ಲಿ ಕುಳಿತವರು ಯಾರೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಜೂಲಿಯಾನಾ ಬಾಯಿ ನಗುತ್ತಿರಲಿಲ್ಲ.

"ಟೀಚರ್," ಎಂದರು. "ಸೊಸೆಗೆ ಮದುವೆ ಆಯ್ತಲ್ಲ. ಮತ್ತೆ ಆ ಅತ್ತೆ ಎಲ್ಲಿ ಇದ್ದದ್ದು?"

ಚರ್ಚಿನಲ್ಲಿ ಎಷ್ಟೋ ಪ್ರವಚನ ಕೇಳಿದ್ದೇನೆ, ಬೈಬಲ್ ಕ್ಲಾಸ್ ಮಾಡಿದ್ದೇನೆ. ಈ ಪ್ರಶ್ನೆ ನನಗೆ ಹುಟ್ಟಿರಲೇ ಇಲ್ಲ. ಹುಟ್ಟುವುದು ಹೇಗೆ? ನನಗೆ ಉತ್ತರದ ಅಗತ್ಯವಿರಲಿಲ್ಲ, ಅವರಿಗಿತ್ತು. ಮೊಬೈಲ್ ತೆಗೆದು ಕೊನೆಯ ಅಧ್ಯಾಯ ಹುಡುಕಿದೆ.

"ಎಲ್ಲಿದ್ದಳು ಅಂತ ಬರೆದಿಲ್ಲ ಬಾಯಿ. ರೂತಳಿಗೆ ಮಗು ಹುಟ್ಟಿದಾಗ ಅತ್ತೆ ಅದನ್ನು ಮಡಿಲಲ್ಲಿಟ್ಟು ಸಾಕಿದಳು ಅಂತ ಉಂಟು."

ಅವರು ನನ್ನ ಮೊಬೈಲಿನತ್ತ ಬಗ್ಗಿದರು. "ಸಾಕ್ಬೇಕಾದ್ರೆ ಅಲ್ಲೇ ಇರ್ಬೇಕಲ್ವಾ? ದಿನಾ ಹೋಗಿ ಬಂದು ಮಗು ಸಾಕ್ಲಿಕ್ಕೆ ಆಗ್ತದಾ?"

ಯಾವ ವ್ಯಾಖ್ಯಾನಕಾರ ಇದಕ್ಕೆ ಇಲ್ಲ ಎಂದಾನು?

"ಜನ ಎಂತ ಹೇಳಿದ್ರು?" ಎಂದು ಮತ್ತೆ ಕೇಳಿದರು.

ಅದು ಬರೆದಿತ್ತು. ನೆರೆಕರೆಯ ಹೆಂಗಸರೆಲ್ಲ ಸೇರಿ ನೊವೊಮಿಗೆ ಮಗ ಹುಟ್ಟಿದ ಎಂದರು. ರಕ್ತ ಸಂಬಂಧ ಲೆಕ್ಕ ಹಾಕಿದರೆ ಆ ಮಗುವಿಗೂ ಅವಳಿಗೂ ಏನೂ ಇಲ್ಲ. ಆದರೂ ಸತ್ತ ಮಗನ ಹೆಸರು ಉಳಿಸುವ ಕೂಸು ಅದು ಎಂಬುದು ಅಲ್ಲಿನ ಪದ್ಧತಿ. ನಿನ್ನನ್ನು ಪ್ರೀತಿಸುವ ಈ ಸೊಸೆ ನಿನಗೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಎಂದೂ ಹೇಳಿದರು. ಗಂಡುಮಕ್ಕಳೇ ಮುಪ್ಪಿನ ಆಧಾರವಾಗಿದ್ದ ಕಾಲದಲ್ಲಿ, ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿದ ತಾಯಿಯ ಎದುರು ಆಡಿದ ಮಾತು ಅದು. ಜೂಲಿಯಾನಾ ಬಾಯಿ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು.

"ರಿಚರ್ಡ್ ಒಂದು ರೂಮಿಗೆ ಪೈಂಟ್ ಹೊಡೆಸಿದ್ದಾನಂತೆ, ನಾನು ಬರ್ತೇನೆ ಅಂತ," ಎಂದು ನಮಗಲ್ಲ, ತಮಗೇ ಹೇಳಿಕೊಂಡರು.

ವಿಶ್ವನಾಥಣ್ಣ ಮೆಲ್ಲಗೆ ಕೇಳಿದರು, "ಹಾಗಾದ್ರೆ ಈ ಸಾಲು ತೆಗೀಲಾ ಬಾಯಮ್ಮ?"

"ಬೇಡ, ಇರ್ಲಿ. ಓದುವವರು ಗಂಡನಿಗೆ ಅಂತಲೇ ತಿಳ್ಕೊಳ್ಳಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತು ಹೊರಗೆ ನೋಡುತ್ತಿದ್ದರು. ಸಾಕಷ್ಟು ಮಾತಾಡಿ ಆಗಿತ್ತು, ಇನ್ನು ತೀರ್ಮಾನ ಅವರದು. ಉದ್ಯಾವರದ ಸೇತುವೆ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಅಲ್ಲ ಟೀಚರ್, ಕಾರ್ಕಳದಲ್ಲಿ ಫ್ರೆಶ್ ಮೀನು ಸಿಗ್ತದಾ?"